ತೋಟದ ಸಿಲ್ವರ್ ಓಕ್‌ನಲ್ಲಿ ಮಂಚ, ಬೀರು ಮಾಡಿಸೋದು ಹೇಗೆ?

ಮೂಡಿಗೆರೆ, ಸಕಲೇಶಪುರ ಕಡೆ ತೋಟ ಇದ್ದವರಿಗೆ ಸಿಲ್ವರ್ ಅಂದರೆ ಕಾಫಿಗೆ ನೆರಳು, ಮೆಣಸಿನ ಬಳ್ಳಿ ಹಬ್ಬಿಸೋಕೆ ನೆಟ್ಟಗಿನ ಮರ, ಕೈಗೆ ಕಾಸು ಬೇಕಾದಾಗ ಕಡಿದು ಪ್ಲೈವುಡ್‌ಗೆ ಕೊಡೋ ಮಾಲು. ಆಸ್ಟ್ರೇಲಿಯಾದಿಂದ ಬಂದ ಈ ಮರವನ್ನು ಮಾರಿ, ಅದೇ ದುಡ್ಡಲ್ಲಿ ಪೇಟೆಯಿಂದ ಪಾರ್ಟಿಕಲ್ ಬೋರ್ಡ್ ಬೀರು ತರುತ್ತೇವೆ ಅಲ್ವಾ, ಅದು ನನಗಂತೂ ಸರಿ ಕಾಣಲ್ಲ.

ಮೊದಲು ಇದರ ಗುಣ ತಿಳ್ಕೊಳ್ಳಿ. ತೇಗಕ್ಕಿಂತ ಸ್ವಲ್ಪ ಹಗುರ, ಗರಗಸಕ್ಕೆ ಸಲೀಸು. ಆದರೆ ಮಳೆ, ಗೆದ್ದಲು, ಕುಟ್ಟೆ ಹುಳ ಮೂರನ್ನೂ ತಡೆಯಲ್ಲ. ಹಾಗಾಗಿ ಹೊರಬಾಗಿಲು, ಕೊಟ್ಟಿಗೆ ಕಂಬ, ಬೇಲಿ ಗೂಟಕ್ಕೆ ಬೇಡವೇ ಬೇಡ. ಮನೆಯೊಳಗಿನ ಮಂಚ, ಬೀರು, ಶೆಲ್ಫ್‌ಗೆ ಮಾತ್ರ.

ಬಲಿತ, ದಪ್ಪ ಮರವನ್ನೇ ಆರಿಸಿ, ಎಳೇ ಮರದ ಹಲಗೆ ಸೊಟ್ಟಗಾಗೋದು ಜಾಸ್ತಿ. ಕಾಫಿ ಕುಯ್ಲು ಮುಗಿದ ಮೇಲೆ ಕಡಿಸಿ, ದಿಮ್ಮಿಯನ್ನು ತೋಟದಲ್ಲೇ ಬಿಡದೆ ಬೇಗ ಸಾಮಿಲ್‌ಗೆ ಸಾಗಿಸಿ. ಅಲ್ಲಿ ಸುಮ್ನೆ ಒಂದೇ ಕಡೆಯಿಂದ ಸೀಳಿಕೊಂಡು ಹೋಗೋಕೆ ಬಿಡಬೇಡಿ. ದಿಮ್ಮಿಯನ್ನು ಉದ್ದಕ್ಕೆ ನಾಲ್ಕು ಭಾಗ ಮಾಡಿ, ತಿರುಳಿಂದ ತೊಗಟೆ ಕಡೆಗೆ ಅಗಲ ಬರೋ ಹಾಗೆ ಹಲಗೆ ತೆಗೆಸಿ. ನಾಟ ಸ್ವಲ್ಪ ವೇಸ್ಟ್ ಆಗುತ್ತೆ, ಸಾಮಿಲ್‌ನವರು ಗೊಣಗುತ್ತಾರೆ. ಆದರೆ ಹೀಗೆ ಸೀಳಿದ ಹಲಗೆ ಕಡಿಮೆ ಬಾಗುತ್ತೆ, ಮೇಲೆ ನಸುಗೆಂಪು ಮೈಯಲ್ಲಿ ಮಿರಮಿರ ಹೊಳೆಯೋ ಅಡ್ಡ ಚುಕ್ಕೆಗಳು ಏಳುತ್ತವೆ. ಈ ಮರದ ಚೆಂದ ಇರೋದೇ ಅಲ್ಲಿ.

ಹಲಗೆ ಹಸಿ ಇದ್ದಾಗಲೇ ಔಷಧಿ ಆಗಬೇಕು. ಬೋರಾಕ್ಸ್ (ಬಿಳಿಗಾರ) ಮೂರು ಪಾಲು, ಬೋರಿಕ್ ಆ್ಯಸಿಡ್ ಎರಡು ಪಾಲು ಸೇರಿಸಿ ನೀರಿನಲ್ಲಿ ಗಟ್ಟಿಯಾಗಿ ಕರಗಿಸಿ, ಹಲಗೆ ಅದ್ದಿ, ಒಂದರ ಮೇಲೊಂದು ಪೇರಿಸಿ ಕೆಲವು ವಾರ ಟಾರ್ಪಾಲಿನಿಂದ ಬಿಗಿಯಾಗಿ ಮುಚ್ಚಿಡಿ, ಔಷಧಿ ಒಳಗೆ ಇಳಿಯಲಿ. ಇದು ಮಳೆ ನೀರಿಗೆ ತೊಳೆದು ಹೋಗುತ್ತೆ, ನೆನಪಿರಲಿ. ಆಮೇಲೆ ಟಾರ್ಪಾಲು ತೆಗೆದು, ತುದಿಗಳಿಗೆ ಪೇಂಟ್ ಬಳಿದು, ನಡುನಡುವೆ ರೀಪರ್ (ಸಣ್ಣ ಮರದ ಪಟ್ಟಿ) ಕೊಟ್ಟು, ಗಾಳಿ ಆಡೋ ನೆರಳಲ್ಲಿ ಒಟ್ಟಿ. ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಅಂತ ಲೆಕ್ಕ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಅವಸರ ಮಾಡಿದರೆ ಬೀರು ಬಾಗಿಲು ಬೇಸಿಗೆಗೆ ತಿರುಚಿಕೊಳ್ಳುತ್ತೆ.

ಆಚಾರ್ರಿಗೆ ಎರಡು ಮಾತು ಹೇಳಿಡಿ. ಕೀಸುಳಿ ಚೂಪಾಗಿರಲಿ, ಇಲ್ಲದಿದ್ದರೆ ಆ ಹೊಳೆಯೋ ಚುಕ್ಕೆಗಳೇ ಕಿತ್ತು ಬರುತ್ತವೆ. ಇನ್ನು ಇದರ ಹೊಟ್ಟು ಕೆಲವರ ಮೈಗೆ ಆಗಲ್ಲ, ತುರಿಕೆ, ಗಂದೆ ಏಳುತ್ತೆ, ಅದಕ್ಕೆ ತುಂಬು ತೋಳಿನ ಅಂಗಿ, ಮಾಸ್ಕ್ ಹಾಕಿಕೊಂಡೇ ಕೆಲಸ ಮಾಡಲಿ.