ನೀರು, ಬೆಂಕಿ ಮತ್ತು ಒಣ ಬುತ್ತಿ: ನಾನು ಮೂರು ಗಂಟು ಕಟ್ಟಿಡುವ ಬಗೆ

ಫ್ರೀಜ್ ಡ್ರೈ ಮಾಡಿದ ಊಟದ ಪೊಟ್ಟಣ ತಿರುಗಿಸಿ ನೋಡಿ. ಹಿಂದೆ ಒಂದು ಸಾಲು ಇದ್ದೇ ಇರುತ್ತದೆ: ಕುದಿಯುವ ನೀರು ಹಾಕಿ, ಸ್ವಲ್ಪ ಹೊತ್ತು ಮುಚ್ಚಿಡಿ, ಊಟ ತಯಾರು. ಎಷ್ಟು ವರ್ಷ ಬಾಳುತ್ತದೆ, ರುಚಿ ಹೇಗಿದೆ, ರೇಟು ಎಷ್ಟು ಅಂತೆಲ್ಲ ಜನ ಕೇಳುತ್ತಾರೆ. ಆ ನೀರು ಎಲ್ಲಿಂದ ತರೋದು ಅಂತ ಕೇಳುವವರು ಕಡಿಮೆ. ನಮ್ಮ ಕೊಪ್ಪಳ, ರಾಯಚೂರು ಕಡೆಯವರು ಮೊದಲು ಕೇಳಬೇಕಾದದ್ದು ಅದನ್ನೇ. ಬೇಸಿಗೆಯಲ್ಲಿ ಗುಡ್ಡ ಹತ್ತಿದರೆ ಹನಿ ನೀರು ಸಿಗೋದಿಲ್ಲ. ಹೊಳೆ ಬಂದಾಗ ಸುತ್ತ ಎಲ್ಲಿ ನೋಡಿದರೂ ನೀರು, ಆದರೆ ಕುಡಿಯೋ ನೀರು ಇರೋದಿಲ್ಲ.

ನಾನಿರುವುದು ಗಂಗಾವತಿ ಹತ್ತಿರ. ಗೆಳೆಯರ ಜೊತೆ ಆನೆಗೊಂದಿ, ಸಾಣಾಪುರದ ಕಡೆ ಬಂಡೆ ಹತ್ತೋದು, ಹೊಲದಲ್ಲಿ ಟೆಂಟ್ ಹಾಕಿ ಉಳಿಯೋದು ನನಗೆ ಮೊದಲಿನಿಂದಲೂ ಇಷ್ಟ. ಗುಡ್ಡದ ಮೇಲೆ ರಾತ್ರಿ ಉಳಿಯೋದಿಲ್ಲ. ಅಲ್ಲಿ ಕರಡಿ ಇವೆ, ಚಿರತೆ ಇವೆ. ಪರಿಚಯದವರ ಹೊಲ, ಅವರ ಒಪ್ಪಿಗೆ, ಅಷ್ಟೇ. ನಮ್ಮ ಅಕ್ಕನನ್ನು ಕೊಟ್ಟಿರುವುದು ಲಿಂಗಸುಗೂರು ತಾಲ್ಲೂಕಿನಲ್ಲಿ ಕೃಷ್ಣಾ ನದಿಯ ನಡುವಿನ ಒಂದು ಗಡ್ಡಿಗೆ. ನಾರಾಯಣಪುರ ಡ್ಯಾಂನಿಂದ ನೀರು ಜಾಸ್ತಿ ಬಿಟ್ಟರೆ ಶೀಲಹಳ್ಳಿ ಸೇತುವೆ ಮುಳುಗುತ್ತದೆ, ಆ ಕಡೆಯ ಜನಕ್ಕೆ ದಾರಿ ಬಂದ್. ಹಾಗಾಗಿ ಒಣ ಊಟದ ವಿಚಾರ ನನಗೆ ಎರಡು ಕಡೆಯಿಂದ ಬೇಕಾಯಿತು. ಒಂದು ಬೆನ್ನ ಮೇಲಿನ ಚೀಲಕ್ಕೆ, ಇನ್ನೊಂದು ಅಕ್ಕನ ಮನೆಯ ಅಟ್ಟಕ್ಕೆ.

ಮೊದಲು ಫ್ರೀಜ್ ಡ್ರೈ ಅಂದರೆ ಏನು ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ಬಿಸಿಲಲ್ಲಿ ಒಣಗಿಸಿದ್ದಕ್ಕೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ. ಬೇಯಿಸಿದ ಊಟವನ್ನು ಗಟ್ಟಿಯಾಗಿ ಹೆಪ್ಪುಗಟ್ಟಿಸುತ್ತಾರೆ. ಆಮೇಲೆ ಗಾಳಿ ಬಿಗಿಯಾದ ಪೆಟ್ಟಿಗೆಯಲ್ಲಿಟ್ಟು ಪಂಪಿನಿಂದ ಗಾಳಿ ಎಳೆದು, ಒಳಗಿನ ಒತ್ತಡವನ್ನು ನಮ್ಮ ಸುತ್ತಲಿನ ಗಾಳಿಯ ಒತ್ತಡದ ನೂರರಲ್ಲಿ ಒಂದು ಪಾಲಿಗಿಂತಲೂ ಕೆಳಗೆ ಇಳಿಸುತ್ತಾರೆ. ಅಷ್ಟು ಕಡಿಮೆ ಒತ್ತಡದಲ್ಲಿ ಸಣ್ಣಗೆ ಶಾಖ ಕೊಟ್ಟರೆ ಮಂಜುಗಡ್ಡೆ ಕರಗಿ ನೀರಾಗೋದಿಲ್ಲ, ನೇರವಾಗಿ ಆವಿಯಾಗಿ ಹೋಗುತ್ತದೆ. ಟ್ರಂಕಿನಲ್ಲಿಟ್ಟ ನುಸಿ ಗುಳಿಗೆ ಒದ್ದೆಯಾಗದೆ ಸವೆದು ಮಾಯವಾಗುತ್ತಲ್ಲ, ಹಾಗೆ. ಮಂಜು ಇದ್ದ ಜಾಗದಲ್ಲೆಲ್ಲ ಸಣ್ಣ ಸಣ್ಣ ತೂತು ಉಳಿಯುತ್ತವೆ. ಅದಕ್ಕೇ ಊಟದ ಆಕಾರ ಕುಗ್ಗೋದಿಲ್ಲ. ಮತ್ತೆ ನೀರು ಹಾಕಿದರೆ ಆ ತೂತುಗಳೊಳಗೆ ಸರ್ರನೆ ಇಳಿಯುತ್ತದೆ. ಬಿಸಿಲಲ್ಲೋ ಡ್ರೈಯರ್‌ನಲ್ಲೋ ಒಣಗಿಸಿದರೆ ತರಕಾರಿ ಸುಕ್ಕುಗಟ್ಟುತ್ತದೆ, ನೀರು ಒಳಗೆ ಹೋಗೋಕೆ ಹೊತ್ತು ಹಿಡಿಯುತ್ತದೆ.

ಈ ಕೆಲಸ ಮನೆಯಲ್ಲಿ ಆಗೋದಲ್ಲ. ಯಂತ್ರಕ್ಕೆ ಲಕ್ಷಗಟ್ಟಲೆ ಬೇಕು. ಒಂದು ಸಲ ತುಂಬಿದ್ದು ಒಣಗೋಕೆ ಒಂದು ದಿನಕ್ಕಿಂತ ಜಾಸ್ತಿ ಹಿಡಿಯುತ್ತದೆ, ಅಷ್ಟು ಹೊತ್ತೂ ಕರೆಂಟ್ ಹೋಗಬಾರದು. ನಮ್ಮ ಕಡೆ ಆ ಆಸೆಯೇ ಬೇಡ. ಹಾಗಂತ ಒಣ ಊಟದ ವಿದ್ಯೆ ನಮ್ಮ ರಾಜ್ಯಕ್ಕೆ ಹೊಸದೂ ಅಲ್ಲ. ಸೈನಿಕರ ಊಟಕ್ಕಾಗಿಯೇ ಮೈಸೂರಿನಲ್ಲಿ 1961ರಲ್ಲಿ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಶುರುವಾಯಿತು. 1984ರಲ್ಲಿ ರಾಕೇಶ್ ಶರ್ಮಾ ಅಂತರಿಕ್ಷಕ್ಕೆ ಹೋದಾಗ ಜೊತೆಗೆ ಹೋದ ಭಾರತದ ಊಟ ತಯಾರಾದದ್ದು ಅಲ್ಲೇ.

ಈಗ ಭಾರದ ಲೆಕ್ಕಕ್ಕೆ ಬರೋಣ. ಅನ್ನದಲ್ಲಿ ಮೂರರಲ್ಲಿ ಎರಡು ಪಾಲು ನೀರು. ಒಂದು ಕಿಲೋ ಅನ್ನ ಒಣಗಿಸಿದರೆ 350 ಗ್ರಾಂ ಆಸುಪಾಸು ಉಳಿಯುತ್ತದೆ. ಕೇಳೋಕೆ ಬಹಳ ಚೆನ್ನಾಗಿದೆ. ಆದರೆ 100 ಗ್ರಾಂ ಒಣ ಊಟಕ್ಕೆ ಸುಮಾರು 300 ಮಿಲಿ ನೀರು ಬೇಕು. ದಾರಿಯಲ್ಲಿ ಹಳ್ಳ, ತೊರೆ ಇದ್ದರೆ ಸರಿ. ಮಲೆನಾಡಿನ ಕಡೆ ಹೋದಾಗ ನಾನು ಈ ಪೊಟ್ಟಣಗಳನ್ನೇ ಒಯ್ಯುತ್ತೇನೆ, ಅಲ್ಲಿ ಅದಕ್ಕಿಂತ ಒಳ್ಳೆಯದು ಇಲ್ಲ. ನಮ್ಮ ಕಲ್ಲುಗುಡ್ಡಗಳಲ್ಲಿ ಮಾರ್ಚ್ ಕಳೆದ ಮೇಲೆ ಎಲ್ಲಿಯ ತೊರೆ? ನೀರನ್ನೂ ಕೆಳಗಿನಿಂದಲೇ ಹೊರಬೇಕು. ಒಣಗಿಸಿ ಉಳಿಸಿದ ಭಾರ ಬಾಟಲಿಯಲ್ಲಿ ತುಂಬಿಕೊಂಡು ಮತ್ತೆ ಬೆನ್ನಿಗೇ ಬರುತ್ತದೆ, ಅಲ್ವಾ? ಜೊತೆಗೆ ಒಲೆ, ಗ್ಯಾಸಿನ ಭಾರ ಬೇರೆ. ಇಲ್ಲಿ ಗೆಲ್ಲೋದು ಕಟಕ ರೊಟ್ಟಿ. ಜೋಳದ್ದೋ ಸಜ್ಜೆಯದ್ದೋ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ, ಒಂದಿಷ್ಟು ಬೆಲ್ಲ. ನೀರೂ ಬೇಡ, ಬೆಂಕಿಯೂ ಬೇಡ. ಹಿಂಡಿಗೆ ಮಾತ್ರ ಖಾರ, ಉಪ್ಪು ಕಡಿಮೆ ಹಾಕಿಸುತ್ತೇನೆ. ಖಾರ ಜಾಸ್ತಿಯಾದರೆ ಬಾಟಲಿ ಬೇಗ ಖಾಲಿ.

ಇದನ್ನು ಅಕ್ಕನ ಹತ್ತಿರ ಹೇಳುತ್ತಾ ಕೂತಾಗ ಅವಳೊಂದು ಮಾತು ಹೇಳಿದಳು. "ರೊಟ್ಟಿ ಅದಾವು ತಮ್ಮಾ. ಹೊಳಿ ಬಂದಾಗ ನೀರು ಕಾಸಾಕ ಒಣ ಕಟ್ಟಿಗಿ ಎಲ್ಲಿಂದ ತರೂದು?" ನನ್ನ ಇಡೀ ಲೆಕ್ಕ ಆ ಮಾತಿನ ಮೇಲೆ ನಿಂತಿದೆ. ಊಟವನ್ನು ರುಚಿಯಿಂದಲೋ ಬಾಳಿಕೆಯಿಂದಲೋ ವಿಂಗಡಿಸೋದು ಬಿಟ್ಟು, ನೀರು ಬೇಕಾ, ಬೆಂಕಿ ಬೇಕಾ ಅಂತ ವಿಂಗಡಿಸೋಕೆ ಶುರು ಮಾಡಿದೆ. ಈಗ ನಮ್ಮ ಮನೆಯಲ್ಲೂ ಅಕ್ಕನ ಮನೆಯಲ್ಲೂ ಮೂರು ಗಂಟು ಇವೆ.

ಮೊದಲನೇ ಗಂಟು, ನೀರೂ ಬೆಂಕಿಯೂ ಬೇಡದ್ದು. ಕಟಕ ರೊಟ್ಟಿ, ಅಗಸಿ ಹಿಂಡಿ, ಗುರೆಳ್ಳು ಪುಡಿ, ಚುರುಮುರಿ, ಪುಟಾಣಿ, ಹುರಿದ ಶೇಂಗಾ, ಬೆಲ್ಲ. ಇದಕ್ಕೆ ನಾನು ಹೊಸದಾಗಿ ಹೇಳಬೇಕಾದ್ದು ಏನೂ ಇಲ್ಲ, ನಿಮ್ಮ ಮನೆಯಲ್ಲೂ ಇದೇ ಇರುತ್ತದೆ. ಮಳೆಗಾಲದ ತೇವಕ್ಕೆ ರೊಟ್ಟಿ ಮೆತ್ತಗಾಗುತ್ತದೆ, ಅದಕ್ಕೆ ಮುಚ್ಚಳ ಬಿಗಿಯಾಗಿರೋ ಡಬ್ಬಿಯಲ್ಲಿಡಿ.

ಎರಡನೇ ಗಂಟು, ಕುಡಿಯುವ ನೀರು ಇದೆ ಆದರೆ ಒಲೆ ಹಚ್ಚೋಕೆ ಆಗಲ್ಲ ಅನ್ನೋ ಹೊತ್ತಿಗೆ. ಅವಲಕ್ಕಿ, ಪುಟಾಣಿ ಹಿಟ್ಟು, ಹಾಲಿನ ಪುಡಿ ಇದರಲ್ಲಿ ಇವೆ. ಕೊಂಡು ತಂದ ಫ್ರೀಜ್ ಡ್ರೈ ಪೊಟ್ಟಣಗಳನ್ನು ನಾನು ಇಡೋದೂ ಇಲ್ಲೇ. ತೂತು ತೂತಾಗಿರೋದರಿಂದ ಅವು ತಣ್ಣೀರಲ್ಲೂ ನೆನೆಯುತ್ತವೆ. ಹೊತ್ತು ಜಾಸ್ತಿ ಹಿಡಿಯುತ್ತದೆ, ಬಿಸಿ ಊಟದ ಖುಷಿ ಇರಲ್ಲ, ಆದರೆ ಖಿಚಡಿ ಖಿಚಡಿಯೇ ಆಗುತ್ತದೆ. ಮನೆಯಲ್ಲಿ ಒಣಗಿಸಿದ ಅನ್ನಕ್ಕೆ ತಣ್ಣೀರು ಹಾಕಿದರೆ ನಡುವೆ ಗಟ್ಟಿ ಉಳಿದುಬಿಡುತ್ತದೆ. ಈ ಪೊಟ್ಟಣಗಳು ದುಬಾರಿ, ಹಾಗಾಗಿ ಬೇರೆ ಯಾವುದರಿಂದಲೂ ಆಗದ ಕೆಲಸಕ್ಕೆ ಮಾತ್ರ ಅವನ್ನು ಇಟ್ಟುಕೊಳ್ಳಬೇಕು ಅನ್ನೋದು ನನ್ನ ಅಭಿಪ್ರಾಯ. ಒಂದು ಎಚ್ಚರಿಕೆ: ಕುದಿಸದೆ ಹಾಕೋ ನೀರು ಪೂರ್ತಿ ಶುದ್ಧವಾಗಿರಬೇಕು. ಹೊಳೆಯ ಕೆಂಪು ನೀರು ಹಾಕಿ ನೆನೆಸೋದು ಬೇಡವೇ ಬೇಡ.

ಮೂರನೇ ಗಂಟು ನಾನೇ ಮಾಡೋದು. ಇದಕ್ಕೆ ನೀರೂ ಬೇಕು, ಬೆಂಕಿಯೂ ಬೇಕು, ಆದರೆ ಒಂದು ತಪ್ಪಲೆ ನೀರು ಕಾಯುವಷ್ಟೇ ಬೆಂಕಿ. ಟ್ರೇ ಇರುವ ಕರೆಂಟಿನ ಡ್ರೈಯರ್ ಒಂದಿದೆ. ನಮ್ಮ ಏಪ್ರಿಲ್ ಬಿಸಿಲಿಗೆ ಡ್ರೈಯರ್ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಟೊಮೆಟೊ, ಮೆಂತ್ಯ ಪಲ್ಲೆ, ಕರಿಬೇವು, ಉಳ್ಳಾಗಡ್ಡಿಗೆ ಬಿಸಿಲು ಸಾಕು, ಮೇಲೊಂದು ತೆಳು ಬಟ್ಟೆ ಹೊದಿಸಿದರೆ ಆಯಿತು. ಬೇಯಿಸಿದ ಅನ್ನ, ಬೇಳೆಯನ್ನು ಮಾತ್ರ ನಾನು ಬಿಸಿಲಿಗೆ ಬಿಡೋದಿಲ್ಲ. ಅನ್ನ ಬೆಚ್ಚಗೆ, ಒದ್ದೆಯಾಗಿ ಹೊತ್ತುಗಟ್ಟಲೆ ಕೂತರೆ ಅದರಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದು ಬಿಡುವ ವಿಷ ಆಮೇಲೆ ಎಷ್ಟು ಕುದಿಸಿದರೂ ಹೋಗೋದಿಲ್ಲ. ವಾಂತಿ ಶುರುವಾದರೆ ದಾರಿ ಬಂದಾದ ಊರಿನಲ್ಲಿ ಆಸ್ಪತ್ರೆಗೆ ಹೋಗೋದು ಹೇಗೆ? ಅದಕ್ಕೆ ಅನ್ನ ಇಳಿಸಿದ ತಕ್ಷಣ ಟ್ರೇಗೆ ಹೋಗಬೇಕು, ಸಂಜೆಯೊಳಗೆ ಒಣಗಬೇಕು.

ನಮ್ಮ ಕಡೆಯ ಸೋನಾ ಮಸೂರಿಯೇ ಸಾಕು. ಪೂರ್ತಿ ಬೇಯಿಸಿ, ಗಂಜಿ ಬಸಿದು, ಕುಡಿಯುವ ನೀರಲ್ಲಿ ಒಂದು ಸಲ ತೊಳೆದರೆ ಅಗುಳು ಅಂಟೋದಿಲ್ಲ. ಒಂದು ಅಗುಳಿನ ಮೇಲೆ ಇನ್ನೊಂದು ಕೂರದಷ್ಟು ತೆಳ್ಳಗೆ ಹರಡಿ, 60 ಡಿಗ್ರಿ ಹತ್ತಿರ ಇಟ್ಟರೆ ಸುಮಾರು ಆರೆಂಟು ತಾಸಿಗೆ ಒಣಗುತ್ತದೆ. ನಡುವೆ ಒಂದೆರಡು ಸಲ ಕೈಯಾಡಿಸಬೇಕು. ಹಲ್ಲಿಗೆ ಇಟ್ಟರೆ ಕಟಕ್ ಅನ್ನಬೇಕು. ತೊಗರಿ ಬೇಳೆಯನ್ನು ಅರಿಶಿನ, ಉಪ್ಪು ಹಾಕಿ ಬೇಯಿಸಿ ನುಣ್ಣಗೆ ಕಡೆದು, ಹಪ್ಪಳದಷ್ಟು ತೆಳ್ಳಗೆ ಹಾಳೆಯ ಮೇಲೆ ಬಳಿದು ಒಣಗಿಸುತ್ತೇನೆ. ಮುರಿಯುವ ಹಾಗಾದ ಮೇಲೆ ಮಿಕ್ಸಿಯಲ್ಲಿ ಪುಡಿ. ಅದಕ್ಕೆ ಒಣ ಟೊಮೆಟೊ ಪುಡಿ, ಖಾರದ ಪುಡಿ, ಜೀರಿಗೆ, ಹುರಿದು ಪುಡಿ ಮಾಡಿದ ಕರಿಬೇವು ಸೇರಿಸಿದರೆ ಸಾರಿನ ಪುಡಿ ತಯಾರು. ಕುದಿಯುವ ನೀರಿಗೆ ಹಾಕಿ ಕಲಸಿ ಹತ್ತು ನಿಮಿಷ ಮುಚ್ಚಿಟ್ಟರೆ ಬೇಳೆ ಸಾರು. ಅನ್ನಕ್ಕೂ ಹಾಗೇ, ಆದರೆ ಐದು ನಿಮಿಷ ಒಲೆಯ ಮೇಲಿಟ್ಟರೆ ಇನ್ನೂ ಮೆತ್ತಗಾಗುತ್ತದೆ.

ಎಣ್ಣೆ ಒಂದು ಹನಿಯೂ ಬೇಡ. ನೀರು ಆರುತ್ತದೆ, ಎಣ್ಣೆ ಆರೋದಿಲ್ಲ. ಅದು ಹಾಗೇ ಉಳಿದು ಕಮಟು ವಾಸನೆ ಬರುತ್ತದೆ. ಕೊಬ್ಬರಿಗೂ ಇದೇ ಮಾತು. ಒಗ್ಗರಣೆಯ ಆಸೆ ಇದ್ದರೆ ಶೇಂಗಾ ಎಣ್ಣೆ ಚಿಕ್ಕ ಬಾಟಲಿಯಲ್ಲಿ ಬೇರೆ ಒಯ್ಯಿರಿ.

ಒಣಗಿದ್ದನ್ನು ನಾನು ತಕ್ಷಣ ಪ್ಯಾಕ್ ಮಾಡೋದಿಲ್ಲ. ಗಾಜಿನ ಭರಣಿಯಲ್ಲಿ ಮುಕ್ಕಾಲು ತುಂಬಿ ಒಂದು ವಾರ ಇಟ್ಟು ದಿನಾ ಅಲುಗಾಡಿಸುತ್ತೇನೆ. ಗಾಜಿನ ಒಳಗೆ ಪಸೆ ಕಂಡರೆ ಮತ್ತೆ ಡ್ರೈಯರ್‌ಗೆ. ಅದಾದ ಮೇಲೆ ದಪ್ಪ ಅಲ್ಯೂಮಿನಿಯಂ ಹಾಳೆಯ ಚೀಲ, ಒಳಗೊಂದು ಆಮ್ಲಜನಕ ಹೀರುವ ಪುಟ್ಟ ಪೊಟ್ಟಣ, ಇಸ್ತ್ರಿ ಪೆಟ್ಟಿಗೆಯಿಂದ ಬಾಯಿ ಅಂಟಿಸೋದು. ಆ ಪೊಟ್ಟಣದಲ್ಲಿ ಇರೋದು ಕಬ್ಬಿಣದ ಪುಡಿ. ಅದು ತುಕ್ಕು ಹಿಡಿಯುತ್ತಾ ಚೀಲದೊಳಗಿನ ಆಮ್ಲಜನಕವನ್ನು ತೆಗೆದುಬಿಡುತ್ತದೆ. ಹುಳ ಬದುಕಲ್ಲ, ಬಣ್ಣ ಕೆಡಲ್ಲ. ಅರ್ಧ ಒಣಗಿದ್ದನ್ನು ಹೀಗೆ ಪ್ಯಾಕ್ ಮಾಡಲೇಬೇಡಿ. ಗಾಳಿ ಇಲ್ಲದ, ಪಸೆ ಇರುವ ಜಾಗದಲ್ಲೇ ಬಾಟುಲಿಸಂ ಎಂಬ ಪ್ರಾಣ ತೆಗೆಯುವ ಕಾಯಿಲೆಯ ವಿಷ ಹುಟ್ಟೋದು.

ನಮ್ಮ ಹಿರಿಯರಿಗೆ ಈ ಉಪಾಯ ಗೊತ್ತಿತ್ತು ಅನ್ನೋದು ನನಗೆ ಬಹಳ ಹೆಮ್ಮೆಯ ವಿಷಯ. ಜೋಳ ತುಂಬುತ್ತಿದ್ದ ಹಗೇವು ಮಾಡುತ್ತಿದ್ದದ್ದು ಇದನ್ನೇ. ನೆಲದೊಳಗೆ ಕಾಳು ಸುರಿದು ಬಾಯಿ ಬಿಗಿಯಾಗಿ ಮುಚ್ಚಿದರೆ, ಕಾಳು ಮತ್ತು ಹುಳ ಉಸಿರಾಡಿ ಆಮ್ಲಜನಕ ಮುಗಿಸುತ್ತಿದ್ದವು. ಆಮೇಲೆ ಹುಳ ತಾನೇ ಸಾಯುತ್ತಿತ್ತು, ಕಾಳು ವರ್ಷಗಟ್ಟಲೆ ಉಳಿಯುತ್ತಿತ್ತು. ಹಗೇವು ತೆರೆದ ತಕ್ಷಣ ಯಾರೂ ಇಳಿಯಬಾರದು ಅಂತ ಹೇಳುತ್ತಿದ್ದದ್ದೂ ಇದಕ್ಕೇ.

ಬಾಳಿಕೆ ಬಗ್ಗೆ ಒಂದು ಮಾತು. ಫ್ರೀಜ್ ಡ್ರೈ ಡಬ್ಬಿಗಳಿಗೆ 25 ವರ್ಷ ಅಂತ ಹೇಳುತ್ತಾರೆ. ಅದು ತಂಪು ದೇಶದ ನೆಲಮಾಳಿಗೆಯ ಲೆಕ್ಕ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಬಾಳಿಕೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ರಾಯಚೂರಿನ ಮೇ ತಿಂಗಳಲ್ಲಿ, 42 ಡಿಗ್ರಿ ಬಿಸಿಲಿಗೆ ಕಾದ ತಗಡಿನ ಕೆಳಗೆ ಇಟ್ಟರೆ ಆ 25 ವರ್ಷ ಮರೆತುಬಿಡಿ. ಮಣ್ಣಿನ ಮಾಳಿಗೆ ಮನೆಯ ಒಳಕೋಣೆ ಇದ್ದರೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಮನೆಯಲ್ಲಿ ಮಾಡಿದ್ದನ್ನು ನಾನು ಒಂದು ವರ್ಷಕ್ಕಿಂತ ಹೆಚ್ಚು ಇಡೋದಿಲ್ಲ. ಏಪ್ರಿಲ್‌ನಲ್ಲಿ ಹೊಸದು ಮಾಡಿ, ಹಳೆಯದನ್ನು ಮುಂಗಾರಿಗೆ ಮುಂಚೆ ಮನೆಯಲ್ಲೇ ಉಂಡು ಮುಗಿಸುತ್ತೇವೆ. ಮಕ್ಕಳಿಗೂ ಆ ರುಚಿ ಅಭ್ಯಾಸವಾಗುತ್ತದೆ. ಕಷ್ಟದ ದಿನವೇ ಹೊಸ ಊಟ ತಟ್ಟೆಗೆ ಬಂದರೆ ಅವು ಮುಟ್ಟೋದಿಲ್ಲ.

2009ರ ಸೆಪ್ಟೆಂಬರ್ ಕೊನೆಯ ಮಳೆ, ಆಮೇಲಿನ ನೆರೆ ನಮ್ಮ ಕಡೆಯ ಜಿಲ್ಲೆಗಳಿಗೆ ನೆನಪಿದೆ. 2019ರ ಆಗಸ್ಟಿನಲ್ಲಿ ವಿರೂಪಾಪುರ ಗಡ್ಡಿಯಲ್ಲಿ ಸಿಕ್ಕಿಬಿದ್ದ ಪ್ರವಾಸಿಗರನ್ನು ಹೆಲಿಕಾಪ್ಟರ್‌ನಲ್ಲಿ ತಂದರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಂನ 19ನೇ ಗೇಟು ಕೊಚ್ಚಿಹೋಯಿತು. ಹೊಳೆ ದಂಡೆಯ ಜನಕ್ಕೆ ಎಚ್ಚರಿಕೆ ಬರೋಕೂ ನೀರು ಬರೋಕೂ ನಡುವೆ ಸಿಗೋದು ಕೆಲವೇ ತಾಸು. ಆಗ ಅಡಿಗೆ ಮಾಡಿ ಕಟ್ಟಿಕೊಳ್ಳೋಕೆ ಆಗಲ್ಲ, ಕಟ್ಟಿಟ್ಟ ಗಂಟು ಎತ್ತಿಕೊಳ್ಳೋಕೆ ಆಗುತ್ತದೆ.

ಮೂರು ಗಂಟಿನ ಪಕ್ಕದಲ್ಲಿ ನೀರು ಇಲ್ಲದಿದ್ದರೆ ಇದೆಲ್ಲ ಸುಮ್ನೆ. ಕುಡಿಯೋಕೆ, ಅಡಿಗೆಗೆ ಒಬ್ಬರಿಗೆ ದಿನಕ್ಕೆ 4 ಲೀಟರ್ ಹಿಡಿದರೆ, ಐದು ಜನಕ್ಕೆ ಮೂರು ದಿನಕ್ಕೆ 60 ಲೀಟರ್. ಅಂದರೆ 20 ಲೀಟರಿನ ಮೂರು ಕ್ಯಾನ್. ಅವು ಅಟ್ಟದ ಮೇಲೆ, ಎತ್ತರದಲ್ಲಿ ಇರಬೇಕು. ಜೊತೆಗೆ ಕ್ಲೋರಿನ್ ಮಾತ್ರೆ, ಪ್ಲಾಸ್ಟಿಕ್‌ನಲ್ಲಿ ಸುತ್ತಿದ ಬೆಂಕಿಪೊಟ್ಟಣ, ಚಿಕ್ಕ ಗ್ಯಾಸ್ ಒಲೆ, ಓಆರ್‌ಎಸ್. ನಮ್ಮ ಕಡೆ ಬಹಳ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ, ಅದು ಕುದಿಸಿದರೆ ಹೋಗೋದಿಲ್ಲ. ಕ್ಯಾನ್ ತುಂಬುವಾಗ ಶುದ್ಧ ನೀರಿನ ಘಟಕದ ನೀರನ್ನೇ ತುಂಬಿ, ಆಗಾಗ ಬದಲಿಸಿ. ಮನೆಯಲ್ಲಿ ಬಿಪಿ ಇರುವ ಹಿರಿಯರಿದ್ದರೆ ಕೊಂಡು ತಂದ ಪೊಟ್ಟಣದ ಹಿಂದೆ ಉಪ್ಪಿನ ಅಳತೆ ಓದಿ ನೋಡಿ. ಹಲವು ಪೊಟ್ಟಣಗಳಲ್ಲಿ ಅದು ಜಾಸ್ತಿಯೇ ಇರುತ್ತದೆ. ಅಂಥವರಿಗೆ ಉಪ್ಪು ಹಾಕದೆ ಒಣಗಿಸಿದ ಬೇಳೆ ಪುಡಿಯನ್ನು ಬೇರೆ ಚೀಲದಲ್ಲಿ ಹೆಸರು ಬರೆದು ಇಡುತ್ತೇನೆ.