ಎರೆ ಹೊಲದಲ್ಲಿ ಹೊಂಡ ತೋಡಿಸುವವರಿಗೆ ಒಬ್ಬ ಜೆಸಿಬಿ ಡ್ರೈವರ್‌ನ ಮಾತು

ಬೇಸಿಗೆ ಬಂತಂದ್ರೆ ನನ್ನ ಜೆಸಿಬಿ ಧಾರವಾಡ ಜಿಲ್ಲೆಯ ಅಣ್ಣಿಗೇರಿ, ನವಲಗುಂದದ ಎರೆ ಹೊಲಗಳಲ್ಲೇ, ಅಂದರೆ ಕಪ್ಪು ಮಣ್ಣಿನ ಹೊಲಗಳಲ್ಲೇ ಇರುತ್ತದೆ. ಮಳೆ ನೀರು ಹಿಡಿದಿಡುವ ಕೃಷಿ ಹೊಂಡ ತೋಡುವ ಕೆಲಸ. ಈ ಭಾಗದಲ್ಲಿ ಬೋರ್ ಕೊರೆಸಿದರೆ ಎಷ್ಟೋ ಕಡೆ ಸವುಳು (ಉಪ್ಪು) ನೀರು ಬರುತ್ತದೆ. ಮಳೆಗಾಲದಲ್ಲಿ ಮಾತ್ರ ಬೆಣ್ಣೆಹಳ್ಳ ದಂಡೆ ಮೀರಿ ಹರಿದು ಮಲಪ್ರಭೆ ಸೇರುತ್ತದೆ, ನಮ್ಮ ಹೊಲದ ಮೇಲ್ಮಣ್ಣೂ ಅದರ ಜೊತೆಗೇ. 2014ರಲ್ಲಿ ಸರ್ಕಾರದ ಕೃಷಿಭಾಗ್ಯ ಯೋಜನೆ ಬಂದ ಮೇಲೆ ಹೊಂಡಗಳು ಜಾಸ್ತಿಯಾದವು. ಆದರೆ ತೋಡಿಸಿದವರೆಲ್ಲ ನೀರು ಕಂಡಿಲ್ಲ.

ಮಶಿನ್ ಕರೆಸುವ ವರ್ಷದ ಹಿಂದಿನ ಮಳೆಗಾಲದಲ್ಲೇ ಕೆಲಸ ಶುರು ಮಾಡಿ. ಜೋರು ಮಳೆ ಬಿದ್ದಾಗ ಹೊಲ ಸುತ್ತಿ ಬನ್ನಿ. ನೀರು ಎಲ್ಲಿ ಕೂಡುತ್ತದೆ, ಎಲ್ಲಿಂದ ಹೊರಗೆ ಬೀಳುತ್ತದೆ ನೋಡಿ. ಹೊಂಡ ಅಲ್ಲೇ ಆಗಬೇಕು. ರಸ್ತೆಗೆ ಹತ್ತಿರ ಅಂತ ಎತ್ತರದ ಮೂಲೆ ತೋರಿಸುವವರಿದ್ದಾರೆ. ನನಗೇನು, ಗಂಟೆ ಲೆಕ್ಕದ ಬಾಡಿಗೆ ಬರುತ್ತದೆ. ನೀರು ಬರಬೇಕಲ್ವಾ? ಬದು ಒಡೆದಿದ್ದರೆ ಮೊದಲು ಅದನ್ನು ಕಟ್ಟಿಸಿ. ಬದು ಇಲ್ಲದ ಹೊಲದಿಂದ ಹೊಂಡಕ್ಕೆ ಹೂಳೇ ಬರುತ್ತದೆ.

ಅಳತೆಗೆ ಬರೋಣ. ಮೇಲೆ 40 ಅಡಿ ಚೌಕ, ತಳದಲ್ಲಿ 20 ಅಡಿ ಚೌಕ, ಆಳ 10 ಅಡಿ. ಇದರಲ್ಲಿ ಸುಮಾರು 2 ಲಕ್ಷ 60 ಸಾವಿರ ಲೀಟರ್ ನಿಲ್ಲುತ್ತದೆ. ಗೋಡೆ ನೆಟ್ಟಗೆ ಇಳಿಸಿದರೆ ಇನ್ನೂ ಜಾಸ್ತಿ ಹಿಡಿಯುತ್ತದೆ ಅಂತ ಕೇಳುತ್ತಾರೆ. ಎರೆ ಮಣ್ಣು ಒಣಗಿದಾಗ ಕೈ ಹೋಗುವಷ್ಟು ಬಿರಿಯುತ್ತದೆ, ನೆನೆದಾಗ ಜಾರುತ್ತದೆ. ನೆಟ್ಟಗಿನ ಗೋಡೆ ನಿಲ್ಲುವುದಿಲ್ಲ. ಒಂದಡಿ ಆಳಕ್ಕೆ ಕನಿಷ್ಠ ಒಂದಡಿ ಇಳಿಜಾರು ಬೇಕೇ ಬೇಕು. ಹಾಗಂತ ಅಗಲ ಮಾಡಿ ಆಳ ಕಡಿಮೆ ಮಾಡಬೇಡಿ. ಬಿಸಿಲಿಗೆ ತಿಂಗಳಿಗೆ ಅರ್ಧ ಅಡಿ ನೀರು ಆರಿಹೋಗುತ್ತದೆ.

ಆಳಕ್ಕೆ ಇಳಿದಂತೆ ಬಕೆಟ್‌ನ ಸದ್ದಿಗೆ ಕಿವಿ ಕೊಡಿ. ಎರೆ ಮಣ್ಣಿನಲ್ಲಿ ಸದ್ದೇ ಇರುವುದಿಲ್ಲ, ಮೆತ್ತಗೆ ಕೊಯ್ದುಕೊಂಡು ಬರುತ್ತದೆ. ಹಲ್ಲಿಗೆ ಗರಸು (ಕಲ್ಲು ಬೆರೆತ ಮಣ್ಣಿನ ಪದರ) ತಾಗಿದರೆ ಕರ್ ಕರ್ ಅನ್ನುತ್ತದೆ. ಅಲ್ಲಿಗೆ ನಿಲ್ಲಿಸಲು ಹೇಳಿ. ಗರಸು ಒಡೆದರೆ ನೀರೆಲ್ಲ ಕೆಳಗೆ ಇಳಿದುಹೋಗುತ್ತದೆ, ಆಮೇಲೆ ಪ್ಲಾಸ್ಟಿಕ್ ಹಾಳೆ ಹಾಸದೆ ಗತಿಯಿಲ್ಲ. ಕಲಘಟಗಿ ಕಡೆ ಮಸಾರಿ (ಕೆಂಪು ಮಣ್ಣಿನ) ಹೊಲದವರಿಗೆ ಹೇಗೂ ಹಾಳೆ ಬೇಕು. ಎರೆಯಲ್ಲಿ ಬೇಡ. ಮೊದಲ ಮಳೆಗೆ ನೀರು ಬಿರುಕಿನಲ್ಲಿ ಇಳಿದರೆ ಗಾಬರಿಯಾಗಬೇಡಿ, ಮಣ್ಣು ಉಬ್ಬಿ ತಾನೇ ಮುಚ್ಚಿಕೊಳ್ಳುತ್ತದೆ.

ನಮ್ಮ ಡ್ರೈವರ್‌ಗಳ ಒಂದು ಚಾಳಿ ಹೇಳಿಬಿಡುತ್ತೇನೆ. ತೆಗೆದ ಮಣ್ಣನ್ನು ಅಂಚಿನಲ್ಲೇ ಸುರಿಯುತ್ತೇವೆ. ತೋಳು ಜಾಸ್ತಿ ತಿರುಗಿಸಬೇಕಿಲ್ಲ, ಡೀಸೆಲ್ ಉಳಿಯುತ್ತದೆ. ಮಾಲೀಕರಿಗೂ ಬೇಗ ಮುಗಿದರೆ ಖುಷಿ. ಒಂದೇ ಮಳೆಗೆ ಆ ಗುಡ್ಡೆ ಮತ್ತೆ ಹೊಂಡದೊಳಗೆ! ಅಂಚಿನಿಂದ ನಾಲ್ಕೈದು ಅಡಿ ಬಿಟ್ಟು ಹಾಕಿಸಿ, ಅದರ ಮೇಲೆ ಕರಿಕೆ ಹುಲ್ಲು ಹಚ್ಚಿ. ನೀರು ಒಳಗೆ ಬರುವ ಬಾಯಿಗೆ ಕಲ್ಲು ಜೋಡಿಸಿ. ಅದರ ಮುಂದೆ ಆರಡಿ ಚೌಕದ, ಮೂರಡಿ ಆಳದ ಸಣ್ಣ ಗುಂಡಿ ಇರಲಿ, ಹೂಳು ಅಲ್ಲೇ ಕೂರುತ್ತದೆ. ತುಂಬಿದ ನೀರು ಹೊರಹೋಗಲು ಕೋಡಿ ಬೇರೆ ಕಡೆ ಇರಲಿ. ಸುತ್ತ ಬೇಲಿ ಮರೀಬೇಡಿ. ನೆನೆದ ಎರೆಯಲ್ಲಿ ಜಾರಿದ ಮಗುವಿಗಾಗಲಿ ಕರುವಿಗಾಗಲಿ ಮೇಲೆ ಹತ್ತಲು ಆಗುವುದಿಲ್ಲ.

ಬೆಳೆಗೆ ನೀರು ಎಷ್ಟು, ಯಾವಾಗ ಬಿಡಬೇಕು? ಒಂದು ಎಕರೆಗೆ ಒಂದು ಇಂಚು ಅಂದರೆ ಒಂದು ಲಕ್ಷ ಲೀಟರ್ ದಾಟುತ್ತದೆ. ಹಿಂಗಾರಿ ಕಡಲೆಗೆ ಹೂ ಬಿಡುವ ಮುಂಚೆ ಒಮ್ಮೆ ಸ್ಪ್ರಿಂಕ್ಲರ್ ಹಾಕಿ. ಹೂ ತುಂಬಿದಾಗ ಬೇಡ. ನೀರು ಉಳಿದರೆ ಕಾಯಿ ಕಟ್ಟುವಾಗ ಇನ್ನೊಮ್ಮೆ. ಹೊಂಡ ತುಂಬಿದೆ, ಕಬ್ಬು ಹಚ್ಚೋಣ ಅನ್ನುವವರೂ ಸಿಗುತ್ತಾರೆ. ಈ ನೀರು ಒಂದು ಎಕರೆ ಕಬ್ಬಿಗೆ ಹದಿನೈದು ದಿನಕ್ಕೂ ಸಾಲದು.