ಬಾಡಿಗೆ ವೇಷವಿಲ್ಲದೆ ತೆಗೆದ 1972ರ ಫೋಟೊ

ಮನೆಯ ಟ್ರಂಕಿನಲ್ಲಿ ಉಳಿದ ಬಟ್ಟೆ ಮತ್ತು ಭಾನುವಾರದ ಸಂತೆಯ ಬಟ್ಟೆ, ಇವೆರಡರಿಂದಲೇ 1972ರ ಒಂದು ಕುಟುಂಬದ ಫೋಟೊ ತೆಗೆಯುತ್ತೇನೆ ಎಂದಾಗ ನನ್ನೊಂದಿಗೆ ಕ್ಯಾಮೆರಾ ಹಿಡಿಯುವ ಗೆಳೆಯರಲ್ಲಿ ಒಬ್ಬರೂ ನಂಬಲಿಲ್ಲ. ಶಾಲೆಯ ಛದ್ಮವೇಷ ಸ್ಪರ್ಧೆಯಂತೆ ಕಾಣುತ್ತದೆ ಎಂದರು. ಮನೆಯಲ್ಲಿ ಎದ್ದ ತಕರಾರು ಬೇರೆ ಬಗೆಯದು. ಯಾರೋ ಉಟ್ಟು ಬಿಟ್ಟದ್ದನ್ನು, ಸತ್ತವರದ್ದೇ ಇದ್ದರೂ ಇರಬಹುದಾದ ಬಟ್ಟೆಯನ್ನು, ಮಕ್ಕಳ ಮೈಗೆ ಹಾಕಕೂಡದು ಎಂದು ದೊಡ್ಡಮ್ಮ ಕಡ್ಡಿ ಮುರಿದಂತೆ ಹೇಳಿದರು. ಈಗ ಆ ಫೋಟೊ ಅವರ ಮನೆಯ ಹಜಾರದಲ್ಲೇ ಇದೆ. ಬಂದ ನೆಂಟರು ಇದು ಯಾವ ಕಾಲದ್ದು, ಎಡಗಡೆ ನಿಂತವರು ಯಾರ ಪೈಕಿ ಎಂದು ಕೇಳುತ್ತಾರೆ. ಇದೇ ಹಾದಿಯಲ್ಲಿರುವವರಿಗೆ ನಾನು ಮಾಡಿದ ರೀತಿ ಉಪಯೋಗಕ್ಕೆ ಬರಬಹುದು.

ಮೊದಲು ಎಲ್ಲರೂ ಹೇಳಿದ ದಾರಿಯಲ್ಲೇ ಹೋಗಿದ್ದೆ. ನಾಟಕದ ಉಡುಪು ಬಾಡಿಗೆಗೆ ಕೊಡುವ ಅಂಗಡಿಯೊಂದರಿಂದ ಆರು ಜನರಿಗೆ ಬಟ್ಟೆ ತಂದೆವು. ಬಾಡಿಗೆ ನಾಲ್ಕು ಸಾವಿರದ ಹತ್ತಿರ, ಠೇವಣಿ ಬೇರೆ. ಆ ಬಟ್ಟೆ ರಂಗದ ದೀಪಕ್ಕೆ ಹೊಲಿದದ್ದು. ಇಪ್ಪತ್ತು ಅಡಿ ದೂರದಿಂದ ನೋಡುವವರಿಗೆ ಸರಿ. ಕಿಟಕಿಯ ಬೆಳಕಿನಲ್ಲಿ, 50 ಎಂಎಂ ಲೆನ್ಸಿನ ಮುಂದೆ, ಸ್ಯಾಟಿನ್ ಅಂಚು ತಗಡಿನ ಹಾಗೆ ಹೊಳೆಯಿತು. ಕೋಟಿನ ಭುಜ ಒಂದು ಕಡೆ, ಅದರೊಳಗಿನ ಮನುಷ್ಯ ಇನ್ನೊಂದು ಕಡೆ. ಆ ದಿನದ ಚಿತ್ರಗಳಲ್ಲಿ ಒಂದನ್ನೂ ಇಟ್ಟುಕೊಳ್ಳಲಿಲ್ಲ. ಠೇವಣಿಯಲ್ಲಿ ಮುನ್ನೂರು ರೂಪಾಯಿಯನ್ನು ಕಲೆಯ ಲೆಕ್ಕಕ್ಕೆ ಮುರಿದುಕೊಂಡರು. ಆ ಕಲೆ ನಾವು ತರುವ ಮೊದಲೇ ಇತ್ತು.

ಆಮೇಲೆ ಹಳೆಯ ಆಲ್ಬಂಗಳನ್ನು ಹರಡಿಕೊಂಡು ಕುಳಿತಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ನನ್ನ ಇಡೀ ಪದ್ಧತಿ ಅದರ ಮೇಲೆಯೇ ನಿಂತಿದೆ. 1972ರ ಫೋಟೊದಲ್ಲಿ ಎಲ್ಲರೂ 1972ರ ಬಟ್ಟೆ ಹಾಕಿರುವುದಿಲ್ಲ. ಅಜ್ಜಿ ತನ್ನ ಮದುವೆಯ ಕಾಲದ ಹದಿನೆಂಟು ಮೊಳದ ಕಚ್ಚೆ ಸೀರೆಯಲ್ಲಿರುತ್ತಾಳೆ. ಅಜ್ಜನದು ಪಂಚೆ ಮತ್ತು ಕತ್ತಿನವರೆಗೆ ಗುಂಡಿಯಿರುವ ಕೋಟು, ಅದೂ ಐವತ್ತರ ದಶಕಕ್ಕಿಂತ ಹಿಂದಿನದು. ಅಪ್ಪನ ಟೆರಿಲೀನ್ ಅಂಗಿ ನಾಲ್ಕೈದು ವರ್ಷ ಹಳೆಯದು, ಪ್ಯಾಂಟು ನೇರ ಕತ್ತರಿಯದು. ಆ ವರ್ಷದ ಫ್ಯಾಷನ್ನಿನಲ್ಲಿ ಇರುವವನು ಕಾಲೇಜಿಗೆ ಹೋಗುವ ಚಿಕ್ಕಪ್ಪ ಒಬ್ಬನೇ: ಬೆಲ್ ಬಾಟಮ್, ಉದ್ದ ಕಾಲರ್. ಇನ್ನು ಮಕ್ಕಳ ಬಟ್ಟೆ ಅವರ ಅಳತೆಗಿಂತ ದೊಡ್ಡದು. ಬೆಳೆಯುವ ಮೈ ಎಂದು ಬಿಟ್ಟು ಹೊಲಿಸುತ್ತಿದ್ದರು. ಎಲ್ಲರಿಗೂ ಒಂದೇ ದಶಕದ ಉಡುಪು ತೊಡಿಸಿದರೆ ಆಗ ನಿಜವಾಗಿಯೂ ಛದ್ಮವೇಷ. ಗೆಳೆಯರು ಮಾಡುತ್ತಿದ್ದದ್ದು ಅದನ್ನೇ. ನಾನು ಒಂದು ವರ್ಷ, ಒಂದು ಸಂದರ್ಭ ಗೊತ್ತುಮಾಡಿಕೊಂಡೆ: 1972ರ ಬೇಸಿಗೆ ರಜೆ, ಹುಡುಗಿಗೆ ಮೊಗ್ಗಿನ ಜಡೆ ಹಾಕಿದ ದಿನ. ಆಮೇಲೆ ಪ್ರತಿಯೊಬ್ಬರ ಬಟ್ಟೆಗೂ ಬೇರೆ ಬೇರೆ ವಯಸ್ಸು ಕೊಟ್ಟೆ.

ಖರೀದಿಯ ಮಾತು. ಬೆಂಗಳೂರಿನ ಚಿಕ್ಕಪೇಟೆ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಕಡೆ ಸೇರುವ ಭಾನುವಾರದ ಸಂತೆಯಲ್ಲಿ ಹಳೆಯ ಬಟ್ಟೆ ಸಿಗುತ್ತದೆ. ಏಳು ಗಂಟೆಗೆ ಮೊದಲೇ ಹೋಗಬೇಕು, ಚಿಲ್ಲರೆ ಇರಬೇಕು, ಕೈಯಲ್ಲಿ ಕ್ಯಾಮೆರಾ ಇರಬಾರದು. ನನಗೆ ಅಂಗಿ ಐವತ್ತು ಅರುವತ್ತಕ್ಕೆ, ಪ್ಯಾಂಟು ನೂರರ ಸುತ್ತಮುತ್ತ, ಉಣ್ಣೆಯ ಕೋಟು ಇನ್ನೂರೈವತ್ತಕ್ಕೆ ಸಿಕ್ಕವು. ಕಪ್ಪು ಕೋಟುಗಳನ್ನೇ ಬೇರೆಯಾಗಿ ತೆಗೆದಿಡುವ ಒಬ್ಬ ವ್ಯಾಪಾರಿ ಇದ್ದಾರೆ. ಅವರು ಕೂರುವ ಮೂಲೆಯನ್ನು ಹೇಳುವುದಿಲ್ಲ, ನನಗೇ ಇನ್ನೂ ಎರಡು ಕೋಟು ಬೇಕಾಗಿವೆ. ಬಟ್ಟೆಯನ್ನು ಕಣ್ಣಿನಿಂದ ಆರಿಸಬೇಡಿ. ಕೈಯಲ್ಲಿ ತೂಗಿ, ತುದಿ ಹಿಡಿದು ಇಳಿಬಿಡಿ. ಬಣ್ಣ ಹೋಗಿದ್ದರೆ ನಡೆಯುತ್ತದೆ, ಗುಂಡಿ ಬದಲಿಸಬಹುದು. ಬೀಳುವ ರೀತಿಯನ್ನು ಬದಲಿಸಲು ಬರುವುದಿಲ್ಲ.

ಸೀರೆಗೆ ಸಂತೆಗಿಂತ ಒಳ್ಳೆಯ ಮೂಲ ಪಾತ್ರೆ ಕೊಟ್ಟು ಹಳೆ ಬಟ್ಟೆ ಒಯ್ಯುವ ಹೆಂಗಸರು. ನಮ್ಮ ಬೀದಿಗೆ ಬರುವ ಒಬ್ಬರಿಗೆ ಹೇಳಿಟ್ಟೆ. ಅವರು ತಂದುಕೊಟ್ಟ ಹಸಿರು ಮೈಸೂರು ರೇಷ್ಮೆಗೆ ಸಾವಿರದ ಇನ್ನೂರು ಕೊಟ್ಟೆ ಎಂದು ನೆನಪು. ಬೆಲೆ ಹೆಚ್ಚೆಂದು ಮನೆಯಲ್ಲಿ ಮಾತಾಯಿತು. ಆದರೆ ನಮ್ಮ ಪೈಪೋಟಿ ಜರಿ ಕೊಳ್ಳುವವರ ಜೊತೆ. ಮೈಸೂರು ರೇಷ್ಮೆಯ ಅಸಲಿ ಜರಿಯಲ್ಲಿ ನೂರಕ್ಕೆ 65 ಪಾಲು ಬೆಳ್ಳಿ, 0.65 ಪಾಲು ಚಿನ್ನ. ಬೆಳ್ಳಿಗಾಗಿ ಸೀರೆಯನ್ನೇ ಸುಟ್ಟುಬಿಡುತ್ತಾರೆ. 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಗಿರಣಿಯ ನೇಯ್ಗೆ ಹೀಗೆ ಬೂದಿಯಾಗುವುದನ್ನು ಒಂದು ಸೀರೆಯ ಮಟ್ಟಿಗಾದರೂ ತಪ್ಪಿಸಿದ್ದಕ್ಕೆ ನನಗೆ ಸಂತೋಷವಿದೆ.

ಆ ಸೀರೆಯೇ ನನ್ನ ದೊಡ್ಡ ನಷ್ಟಕ್ಕೂ ಕಾರಣವಾಗಬೇಕಿತ್ತು. ದಶಕಗಳ ಕಾಲ ಒಂದೇ ಮಡಿಕೆಯಲ್ಲಿದ್ದ ರೇಷ್ಮೆ. ನೆರಿಗೆ ಹಿಡಿಯುವಾಗ ಮಡಿಕೆಯ ಗೆರೆಯುದ್ದಕ್ಕೂ ಒಂದೂವರೆ ಮೊಳ ಬಿಟ್ಟುಕೊಂಡಿತು. ರಫೂ ಮಾಡುವವರು ಎಂಟುನೂರು ಕೇಳಿದರು. ರಫೂ ಬೇಡವೆಂದು ಸೀಳಿನ ಅಡಿಗೆ ಅದೇ ಬಣ್ಣದ ತೆಳು ಬಲೆಬಟ್ಟೆ ಕೊಟ್ಟು ಕೈಹೊಲಿಗೆ ಹಾಕಿ, ಸೀರೆಯನ್ನು ತಿರುಗುಮುರುಗಾಗಿ ಉಡಿಸಿ, ಸೀಳು ನೆರಿಗೆಯ ಒಳಕ್ಕೆ ಬರುವಂತೆ ಮಾಡಿದೆವು. ಮೂವತ್ತು ರೂಪಾಯಿಯಲ್ಲಿ ಮುಗಿಯಿತು. ಚಿತ್ರದಲ್ಲಿ ಯಾರೂ ಕಂಡುಹಿಡಿದಿಲ್ಲ. ಯಾರೋ ಹಿಂದೆ ಹಾಕಿಸಿದ್ದ ಫಾಲನ್ನೂ ಬಿಚ್ಚಿಸಿದೆ. ನಮ್ಮ ಅಜ್ಜಿಯ ಸೀರೆಗಳಿಗೆ ಫಾಲ್ ಇರಲಿಲ್ಲ. ಅದನ್ನು ತೆಗೆದ ಮೇಲೆ ನೆರಿಗೆ ಪಾದದ ಬಳಿ ಸಡಿಲವಾಗಿ ಕೂರುತ್ತದೆ. ಆ ಸಡಿಲವೇ ಹಳೆಯ ಫೋಟೊಗಳ ಲಕ್ಷಣ. ಸೆರಗಿಗೂ ಅಷ್ಟೆ, ಭುಜದ ಮೇಲೆ ಪಿನ್ನು ಹಾಕಿ ಇಸ್ತ್ರಿ ಮಾಡಿದಂತೆ ಜೋಡಿಸಿದರೆ ವರ್ಷ ಒಮ್ಮೆಲೇ ಈಚೆಗೆ ಬಂದುಬಿಡುತ್ತದೆ. ಹಣೆಗೆ ಸ್ಟಿಕ್ಕರ್ ಬೇಡ, ಮೇಣ ಹಚ್ಚಿ ಕುಂಕುಮ ಇಡಿ.

ಕಪ್ಪಾಗಿದ್ದ ಜರಿಯನ್ನು ಬೆಳಗಿದ ಬಗೆ ನಮ್ಮೂರಿನ ಹಳೆಯ ಕಸುಬುದಾರರೊಬ್ಬರು ಹೇಳಿಕೊಟ್ಟದ್ದು. ಅವರ ಅನ್ನ ಅದರಲ್ಲಿದೆ, ಹಾಗಾಗಿ ಇಲ್ಲಿ ಬರೆಯುವುದಿಲ್ಲ. ಹುಣಸೆಹಣ್ಣು ಮುಟ್ಟಿಸಬೇಡಿ ಎಂದಷ್ಟೇ ಹೇಳುತ್ತೇನೆ. ಒಗೆಯಲು ಅಂಟುವಾಳದ ನೊರೆ ಸಾಕು.

ಅಳತೆಯ ಸಮಸ್ಯೆಗೆ ಎಲ್ಲರೂ ಬಲ್ಲ ಉಪಾಯ ಬೆನ್ನ ಹಿಂದಿನ ಕ್ಲಿಪ್ಪು. ನಾನು ಬಟ್ಟೆ ಒಣಹಾಕುವ ಕ್ಲಿಪ್ಪು ಬಿಟ್ಟು ಕಚೇರಿಯ ಕಾಗದದ ಕಬ್ಬಿಣದ ಕ್ಲಿಪ್ಪಿಗೆ ಬಂದೆ, ಜಾರುವುದಿಲ್ಲ. ಚಿಕ್ಕದಾದ ಹಳೆಯ ರವಿಕೆಗಳನ್ನು ಬೆನ್ನಿನಲ್ಲಿ ನೆಟ್ಟಗೆ ಬಿಚ್ಚಿ ಲಾಡಿ ಹಾಕಿಸಿದೆ. ಸೆರಗು ಹೊದ್ದ ಮೇಲೆ ಎದುರಿನಿಂದ ಏನೂ ಕಾಣದು. ಬೆಲ್ ಬಾಟಮ್ ಮಾತ್ರ ಹುಡುಕಿ ಹುಡುಕಿ ಸಾಕಾಗಿ, ಟೆರಿಕಾಟ್ (ಪಾಲಿಯೆಸ್ಟರ್ ಬೆರೆತ ಹತ್ತಿ) ಪ್ಯಾಂಟಿನ ಹೊರಹೊಲಿಗೆಯನ್ನು ಮೊಣಕಾಲಿನಿಂದ ಕೆಳಗೆ ಬಿಚ್ಚಿಸಿ, ಇನ್ನೊಂದು ಅದೇ ಬಗೆಯ ಪ್ಯಾಂಟಿನಿಂದ ಮೂರು ಮೂಲೆಯ ತುಂಡು ಸೇರಿಸಿದ್ದು. ದರ್ಜಿಗೆ ಇನ್ನೂರೈವತ್ತು. ಆತ ಮೊದಲು ನಕ್ಕರು, ಆಮೇಲೆ ತಮ್ಮ ಯೌವನದಲ್ಲಿ ಇಂಥವನ್ನು ರಾತ್ರಿಯಿಡೀ ಹೊಲಿದದ್ದನ್ನು ನೆನೆದು ತಳದ ಅಗಲವನ್ನು ತಾವೇ ತೀರ್ಮಾನಿಸಿದರು. ಅವರು ಹೇಳಿದ್ದೇ ಸರಿಯಾಗಿತ್ತು.

ದೊಡ್ಡಮ್ಮನ ಮನಸ್ಸು ತಿರುಗಿದ್ದೂ ಬಟ್ಟೆಯಿಂದಲೇ. ಹದಿನೆಂಟು ಮೊಳದ ಸೀರೆಗೆ ಕಚ್ಚೆ ಹಾಕಲು ನಮ್ಮ ಪೀಳಿಗೆಯಲ್ಲಿ ಒಬ್ಬರಿಗೂ ಬರುವುದಿಲ್ಲ. ವಿಡಿಯೊ ನೋಡಿ ಒಂದು ಸಂಜೆಯೆಲ್ಲ ಹೆಣಗಿ ಕೈಬಿಟ್ಟಿದ್ದೆವು. ಅವರು ಬಾಗಿಲಲ್ಲಿ ನಿಂತು ನೋಡಿ ಸುಮ್ಮನಿರಲಾರದೆ ಬಂದು ಹತ್ತು ನಿಮಿಷದಲ್ಲಿ ಉಡಿಸಿದರು. ಬಳಿಕ, ಒಗೆದು ಬಿಸಿಲಿಗೆ ಹಾಕಿದ ಬಟ್ಟೆಗೆ ಮೈಲಿಗೆಯಿಲ್ಲ ಎಂದು ತಾವೇ ತೀರ್ಪು ಕೊಟ್ಟರು. ಅಜ್ಜಿಯಾಗಿ ಫೋಟೊದಲ್ಲಿ ಕುಳಿತವರೂ ಅವರೇ.

ಇನ್ನು ಮೊಗ್ಗಿನ ಜಡೆ. ಹಳೇ ಮೈಸೂರಿನ ಕಡೆಯ ಮನೆಗಳಲ್ಲಿ ಈ ಫೋಟೊ ಇಲ್ಲದ ಆಲ್ಬಂ ಅಪರೂಪ. ಸ್ಟುಡಿಯೊದಲ್ಲಿ ಹುಡುಗಿಯ ಹಿಂದೆ ನಿಲುವುಗನ್ನಡಿ ಇಟ್ಟು, ಮುಖವೂ ಜಡೆಯೂ ಒಂದೇ ಚಿತ್ರದಲ್ಲಿ ಬರುವಂತೆ ತೆಗೆಯುತ್ತಿದ್ದರು. ನಾನು ಇದನ್ನು ಅರಸೀಕೆರೆ ಬಳಿಯ ನಮ್ಮ ಹಳೆಯ ತೊಟ್ಟಿಮನೆಯಲ್ಲಿ ತೆಗೆಯಲು ಹೊರಟೆ, ಹೆಚ್ಚು ಹಣ ಹೋದದ್ದೂ ಇಲ್ಲೇ. ಮೊದಲ ಸಲ ಹೂವಿನವರಿಗೆ ಸಿದ್ಧ ಜಡೆ ಹೇಳಿದ್ದೆ. ಅವರು ತಂದದ್ದು ಸಂಜೆ ಐದಕ್ಕೆ, ಮೊಗ್ಗು ಆಗಲೇ ಬಿರಿದಿತ್ತು. ಒಂದು ಸಾವಿರಕ್ಕಿಂತ ಹೆಚ್ಚು ಹೋಯಿತು. ಮುಂದಿನ ಸಲ ಬೆಳಿಗ್ಗೆ ಬಿಗಿ ಮೊಗ್ಗು ತಂದು, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಬಾಳೆಪಟ್ಟೆಯ ಸೀಳಿನ ಮೇಲೆ ಮನೆಯಲ್ಲೇ ಹೊಲಿದೆವು, ನಡುವೆ ಕನಕಾಂಬರ ಮತ್ತು ಮರುಗ. ಮೂರು ಜನ ಕೂತರೆ ಎರಡು ಗಂಟೆ. ಮಧ್ಯಾಹ್ನ ಎರಡರೊಳಗೆ ಶಟರ್ ಒತ್ತಬೇಕು.

ಹೂವು ಸರಿಯಾದ ಮೇಲೆ ಕನ್ನಡಿ ಕೈಕೊಟ್ಟಿತು. ಲೆನ್ಸಿನ ಕಿಂಡಿ ಅಗಲ ತೆರೆದ ಎಫ್ 1.8ರಲ್ಲಿ ಮುಖ ಚೆಂದ, ಜಡೆ ಮಂಜು. ಬಿಂಬದ ದೂರ ಕನ್ನಡಿಯ ತನಕ ಅಲ್ಲ, ಅಲ್ಲಿಂದ ಮತ್ತೆ ಜಡೆಯ ತನಕ. ಹುಡುಗಿ ಎಂಟು ಅಡಿ ದೂರದಲ್ಲಿದ್ದು ಕನ್ನಡಿ ಅವಳ ಬೆನ್ನಿಗೆ ಎರಡು ಅಡಿ ಹಿಂದಿದ್ದರೆ ಜಡೆ ಹನ್ನೆರಡು ಅಡಿಯಲ್ಲಿದೆ ಎಂದೇ ಲೆನ್ಸಿಗೆ ಲೆಕ್ಕ. ಕನ್ನಡಿಯನ್ನು ಒಂದೂವರೆ ಅಡಿಗೆ ತಂದೆ, ಕಿಂಡಿಯನ್ನು ಎಫ್ 11ಕ್ಕೆ ಕಿರಿದು ಮಾಡಿದೆ, ಫೋಕಸನ್ನು ಮುಖದ ತುಸು ಹಿಂದಕ್ಕೆ ಇಟ್ಟೆ. ತೊಟ್ಟಿಯ ಬೆಳಕಿಗೆ ಶಟರ್ ನಿಧಾನವಾಯಿತು, ಟ್ರೈಪಾಡ್ ಬೇಕಾಯಿತು, ಜಡೆಯ ಹುಡುಗಿಯಾಗಿದ್ದ ನನ್ನ ಮಗಳು ಉಸಿರು ಹಿಡಿದು ನಿಲ್ಲಬೇಕಾಯಿತು. ಹಳೆಯ ಚಿತ್ರಗಳಲ್ಲಿ ಹುಡುಗಿಯರ ಮುಖ ಅಷ್ಟು ಗಂಭೀರವಾಗಿರುವುದಕ್ಕೆ ಇದೂ ಒಂದು ಕಾರಣವಿರಬೇಕು. ನನಗೆ ಬೇಕಿದ್ದ ಮುಖವೂ ಅದೇ.

ಬಣ್ಣದ ಚಿತ್ರ ತೆಗೆಯುವವರಿಗೆ ಒಂದು ಎಚ್ಚರಿಕೆ: ಕೆಂಪು ಕಾವಿಯ ನೆಲ ತೊಟ್ಟಿಯ ಬೆಳಕನ್ನು ಕೆಂಪಾಗಿಸಿ ಗಲ್ಲದ ಕೆಳಗೆ ಎಸೆಯುತ್ತದೆ. ಬಿಳಿ ಪಂಚೆಯೊಂದನ್ನು ಚೌಕಟ್ಟಿನ ಹೊರಗೆ ನೆಲಕ್ಕೆ ಹಾಸಿದರೆ ಮುಖ ಸರಿಹೋಗುತ್ತದೆ.

ಕಪ್ಪು ಬಿಳುಪಿನಲ್ಲಿ ಬೇರೆ ತೊಡಕು. ನನ್ನ ಅತ್ತೆಯ ತವರು ಗುಳೇದಗುಡ್ಡ. ಅವರ ಇಳಕಲ್ ಸೀರೆ ಕಡುನೀಲಿ ಒಡಲು, ಕೆಂಪು ದಡಿ, ಕೆಂಪಿನಲ್ಲಿ ಬಿಳಿ ಹಲ್ಲುಗಳಂತೆ ನೇಯ್ದ ಟೋಪ್ ತೆನಿ ಸೆರಗು, ಕಣ್ಣಿಗೆ ಹಬ್ಬ. ಬಣ್ಣ ತೆಗೆದ ಕೂಡಲೇ ದಡಿಯೂ ಒಡಲೂ ಒಂದೇ ಬೂದು, ಸೆರಗಿನ ಬಿಳಿ ಹಲ್ಲುಗಳಷ್ಟೇ ಉಳಿದವು. ಬಣ್ಣವನ್ನು ಕಪ್ಪು ಬಿಳುಪಿಗೆ ಪರಿವರ್ತಿಸುವಾಗ ಕೆಂಪನ್ನು ಎತ್ತಿ ನೀಲಿಯನ್ನು ತಗ್ಗಿಸಿದಾಗ ದಡಿ ಮೇಲೆದ್ದಿತು. ಅಲ್ಲಿಂದ ಈಚೆಗೆ ಬಟ್ಟೆ ಕೊಳ್ಳುವ ಮೊದಲೇ ಮೊಬೈಲಿನ ಕಪ್ಪು ಬಿಳುಪು ಕಿಂಡಿಯಲ್ಲಿ ನೋಡಿಕೊಳ್ಳುತ್ತೇನೆ. ಇದೇ ಗುಂಗಿನಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಮುತ್ತಜ್ಜಿಯ ಕಾಲದ ಆರ್ಥೊಕ್ರೊಮ್ಯಾಟಿಕ್ ಎಂಬ ಗಾಜಿನ ಫೋಟೊ ಫಲಕಗಳಿಗೆ ಕೆಂಪು ಕಾಣಿಸುತ್ತಿರಲಿಲ್ಲ, ಆದ್ದರಿಂದ ಆ ಚಿತ್ರಗಳಲ್ಲಿ ಕುಂಕುಮ ಕಡುಕಪ್ಪು. ಕೆಂಪನ್ನು ಪೂರ್ತಿ ಇಳಿಸಿ, ನೀಲಿ ಹಸಿರಿನಲ್ಲಷ್ಟೇ ಪರಿವರ್ತಿಸಿದರೆ ಅದೇ ಹಣೆ, ಅದೇ ಗಾಢ ತುಟಿ ಬಂದುಬಿಡುತ್ತದೆ. 1972ಕ್ಕೆ ಇದು ಸಲ್ಲದು. ಮೂವತ್ತರ ದಶಕದ ಸರಣಿಗೆಂದು ತೆಗೆದಿಟ್ಟಿದ್ದೇನೆ. ಹೊಸ ಬಿಳಿ ಅಂಗಿಯನ್ನು ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿ ಹಳದಿಗಟ್ಟಿಸುವುದನ್ನೂ ನೋಡಿದೆ. ಹತ್ತಿಗೆ ಹಿಡಿಯಿತು, ಟೆರಿಕಾಟಿಗೆ ಮಚ್ಚೆ ಮಚ್ಚೆ.

ಹಿನ್ನೆಲೆಗೆ ಹೆಚ್ಚು ಮಾಡಲಿಲ್ಲ. ಅಪ್ಪನ ಕೈಗೆ ಕೀಲಿ ಕೊಡುವ ಎಚ್‌ಎಂಟಿ ಗಡಿಯಾರ ಕಟ್ಟಿದೆ. ಬೆಂಗಳೂರಿನ ಕಾರ್ಖಾನೆ 1961ರದ್ದಾದ್ದರಿಂದ ಕಾಲಕ್ಕೆ ಸರಿ. ಗೋಡೆಗೆ ಕ್ಯಾಲೆಂಡರ್ ಬೇಕಿತ್ತು. 1972ರ ದಿನ, ವಾರಗಳು 2000ದ ಇಸವಿಯವೇ, 2000ದ ಒಂದು ಹಾಳೆ ಅಟ್ಟದಲ್ಲಿ ಸಿಕ್ಕಿತು. ಅದರ ತಲೆಯಲ್ಲಿ ಕರ್ನಾಟಕ ಎಂದು ಅಚ್ಚಾಗಿತ್ತು, ರಾಜ್ಯಕ್ಕೆ ಆ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. ಮೇಲಿನ ಪಟ್ಟಿ ಕತ್ತರಿಸಿ ತೂಗುಹಾಕಿದೆವು.

ಒಟ್ಟು ಖರ್ಚು ಹೂವು, ದರ್ಜಿ, ಸೀರೆ, ಊರಿಗೆ ಹೋಗಿಬಂದದ್ದು ಎಲ್ಲ ಸೇರಿ ಒಂಬತ್ತು ಸಾವಿರದ ಆಸುಪಾಸು, ಮೊದಲ ಬಾಡಿಗೆಯ ದಂಡವನ್ನು ಬಿಟ್ಟು. ಇಂಥದ್ದೇ ಚಿತ್ರಕ್ಕೆ ಒಂದು ಸ್ಟುಡಿಯೊ ಮೂವತ್ತೈದು ಸಾವಿರ ಹೇಳಿತ್ತು, ಬಟ್ಟೆ ಅವರದೇ, ವಾಪಸ್ಸು. ನನ್ನ ಬಟ್ಟೆ ನನ್ನಲ್ಲೇ ಇದೆ. ರೇಷ್ಮೆಯನ್ನು ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ, ಎರಡು ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ನುಸಿಗುಳಿಗೆ ಮುಟ್ಟಿಸದೆ ಲಾವಂಚದ ಬೇರಿನ ಜೊತೆ ಇಟ್ಟಿದ್ದೇನೆ. ಛದ್ಮವೇಷ ಎಂದಿದ್ದ ಗೆಳೆಯರಲ್ಲಿ ಒಬ್ಬರು ಆ ಬೆಲ್ ಬಾಟಮನ್ನು ಮುಂದಿನ ತಿಂಗಳು ತಮ್ಮ ಮನೆಯ ಚಿತ್ರಕ್ಕೆ ಕೇಳಿದ್ದಾರೆ. ಕೊಡುತ್ತೇನೆ, ಆದರೆ ಒಗೆಸಿ, ಬೇಸಿಗೆಯೊಳಗೆ ಹಿಂದಿರುಗಿಸಬೇಕು.